ಮೊದಲು ಕುಡಿತ ಬಿಡಲಿ ಎಂಬ ಷರತ್ತು

‘ಮೊದಲು ಕುಡಿಯೋದು ಬಿಡಲಿ, ಮಿಕ್ಕಿದ್ದು ಆಮೇಲೆ ನೋಡೋಣ.’ ಈ ಮಾತನ್ನು ನಮ್ಮಲ್ಲಿ ಯಾರು ಹೇಳುವುದಿಲ್ಲ? ಮಗಳ ಸಂಸಾರ ಸರಿಮಾಡಲು ನಾಲ್ಕು ಜನರನ್ನು ಸೇರಿಸಿದ ಮಾವ ಹೇಳುತ್ತಾನೆ. ಜಗಲಿಯ ಮೇಲೆ ಕೂತ ಊರಿನ ಹಿರಿಯರು ಹೇಳುತ್ತಾರೆ. ಹೊಟ್ಟೆನೋವೆಂದು ಬಂದವನ ಬಾಯಿಂದ ವಾಸನೆ ಬಂದೊಡನೆ ಡಾಕ್ಟರೂ ಹೇಳುತ್ತಾರೆ. ನಿದ್ದೆ ಹತ್ತುತ್ತಿಲ್ಲ, ಎದೆ ಡವಗುಟ್ಟುತ್ತದೆ, ಬದುಕೇ ಬೇಡ ಎನಿಸುತ್ತದೆ ಎಂದು ಒಬ್ಬ ಮನುಷ್ಯ ಹೇಗೋ ಬಾಯಿ ಬಿಟ್ಟು ಹೇಳಿಕೊಂಡರೆ ಅವನಿಗೆ ಸಿಗುವ ಉತ್ತರವೂ ಇದೇ: ಕುಡಿತ ಬಿಡು, ಎಲ್ಲಾ ಸರಿಹೋಗುತ್ತೆ.

ಹೇಳುವವರು ಕೆಟ್ಟವರಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೂ ಈ ಮಾತು ತಪ್ಪು ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ತಪ್ಪು, ನ್ಯಾಯದ ದೃಷ್ಟಿಯಿಂದ ಇನ್ನೂ ದೊಡ್ಡ ತಪ್ಪು. ಯಾವ ಸಂಕಟವನ್ನು ತಡೆಯಲಾರದೆ ಒಬ್ಬ ಬಾಟಲಿ ಹಿಡಿದಿದ್ದಾನೋ ಆ ಸಂಕಟವನ್ನು ಬರಿಗೈಯಲ್ಲಿ ಗೆದ್ದು ಬಾ, ಆಮೇಲೆ ಆಯುಧ ಕೊಡುತ್ತೇವೆ ಎಂದಂತೆ ಇದು. ಗೆದ್ದು ಬಂದವನಿಗೆ ಆಯುಧ ಬೇಕಿಲ್ಲ. ಗೆಲ್ಲಲಾಗದವನು ಬಾಗಿಲ ಹೊರಗೇ ಉಳಿಯುತ್ತಾನೆ. ಅಲ್ಲಿ ಉಳಿಯುವವರೇ ಹೆಚ್ಚು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಕುಡಿತವೇ ತೊಂದರೆಯಾಗಿದೆ, ಅವರಿಗೆ ನೆರವು ಬೇಕಾಗಿದೆ. ಮದ್ಯವಿಲ್ಲದೆ ಇರಲಾಗದ ಹಂತ ಮುಟ್ಟಿದವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ ಮಾತ್ರ.

ಕುಡಿತದ ವಿರುದ್ಧ ಮಾತನಾಡುವವರು ಸಾಮಾನ್ಯವಾಗಿ ಮುಚ್ಚಿಡುವ ಒಂದು ಸಂಗತಿಯಿದೆ. ಮದ್ಯ ಮೊದಮೊದಲು ಕೆಲಸ ಮಾಡುತ್ತದೆ. ನಾಲ್ಕು ಜನರ ಮುಂದೆ ನಾಲಿಗೆ ಒಣಗುವವನಿಗೆ ಒಂದು ನೈಂಟಿ ಇಳಿದರೆ ಮಾತು ಬರುತ್ತದೆ. ಸತ್ತ ಮಗುವಿನ ನೆನಪಿನಲ್ಲಿ ರಾತ್ರಿಯಿಡೀ ಹೊರಳಾಡುವವನಿಗೆ ಒಂದು ಕ್ವಾರ್ಟರ್ ನಿದ್ದೆ ತರಿಸುತ್ತದೆ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಮದ್ಯ ಬಲ ಕೊಡುತ್ತದೆ, ಕೆರಳಿಸುವ ಗ್ಲುಟಮೇಟಿನ ಕೆಲಸವನ್ನು ತಗ್ಗಿಸುತ್ತದೆ. ದಿನವೂ ಹೀಗೇ ನಡೆದರೆ ಮಿದುಳು ತಾನೇ ಉತ್ಪಾದಿಸಬೇಕಾದ ಶಾಂತಿಯನ್ನು ಕಡಿಮೆ ಮಾಡಿ, ಕೆರಳಿಕೆಯನ್ನು ಹೆಚ್ಚಿಸಿ ಮದ್ಯದೊಂದಿಗೆ ಹೊಂದಿಕೊಳ್ಳುತ್ತದೆ. ಆಗ ಕುಡಿದು ಮಲಗಿದವನಿಗೆ ರಾತ್ರಿ ಎರಡು ಮೂರು ಗಂಟೆಗೇ ಎಚ್ಚರ. ಬೆಳಗಾದರೆ ಕೈ ನಡುಕ, ಕಾರಣವೇ ಇಲ್ಲದ ಭಯ, ತನ್ನ ಮೇಲೆ ತನಗೇ ಹೇಸಿಗೆ. ಆ ಭಯವನ್ನು ಅಡಗಿಸಲು ಅವನಿಗೆ ಗೊತ್ತಿರುವ ಮದ್ದು ಒಂದೇ, ಅದು ಒಂಬತ್ತು ಗಂಟೆಗೆ ಬಾಗಿಲು ತೆರೆಯುವ ವೈನ್ ಶಾಪಿನಲ್ಲಿದೆ. ಆತಂಕಕ್ಕಾಗಿ ಕುಡಿದನೋ ಕುಡಿದದ್ದರಿಂದ ಆತಂಕ ಬಂತೋ ಎಂಬುದು ಈ ಹಂತದಲ್ಲಿ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ. ಎರಡೂ ಒಂದನ್ನೊಂದು ಸಾಕುತ್ತಿರುತ್ತವೆ.

ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಸಿಯನ್ 1985ರಲ್ಲಿ ಒಂದು ವಾದ ಮಂಡಿಸಿದರು: ವ್ಯಸನಿಗಳಲ್ಲಿ ಅನೇಕರು ಸುಖ ಹುಡುಕಿಕೊಂಡು ಹೋದವರಲ್ಲ, ತಡೆಯಲಾಗದ ಮನಸ್ಸಿನ ನೋವಿಗೆ ತಮಗೆ ತಾವೇ ಔಷಧಿ ಮಾಡಿಕೊಳ್ಳುತ್ತಿರುವವರು. ಇದು ಎಲ್ಲರಿಗೂ ಅನ್ವಯಿಸುವುದಿಲ್ಲ. ಹಬ್ಬ, ಗೆಳೆಯರು, ಮೈಮುರಿಯುವ ದುಡಿಮೆ, ಮನೆಯ ಪಕ್ಕದಲ್ಲೇ ಇರುವ ಅಂಗಡಿ, ಹೀಗೆ ಕುಡಿತ ಅಂಟಿಸಿಕೊಳ್ಳಲು ನೂರು ದಾರಿಗಳಿವೆ. ಆದರೆ 20,000ಕ್ಕೂ ಹೆಚ್ಚು ಜನರನ್ನು ಮಾತನಾಡಿಸಿ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯೊಂದರ ಫಲಿತಾಂಶ 1990ರಲ್ಲಿ ಬಂದಾಗ, ಮದ್ಯವ್ಯಸನವಿದ್ದವರಲ್ಲಿ ಶೇ 37ರಷ್ಟು ಮಂದಿಗೆ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಬೇರೊಂದು ಮನೋರೋಗವೂ ಇದ್ದುದು ಕಂಡಿತು. ಬೇರೆ ಮಾದಕ ವಸ್ತುಗಳಿಗೆ ಬಿದ್ದವರಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುವ ಕಾಯಿಲೆಯನ್ನು ‘ಆಮೇಲೆ ನೋಡೋಣ’ ಎಂದು ಬದಿಗಿಡುವುದು ಯಾವ ವೈದ್ಯಕೀಯ?

ಎದುರು ವಾದದಲ್ಲಿ ಗಟ್ಟಿಯಾದದ್ದು ಒಂದಿದೆ, ಅದನ್ನು ಗೌರವದಿಂದಲೇ ಎತ್ತಿಕೊಳ್ಳಬೇಕು. ಅತಿಯಾಗಿ ಕುಡಿಯುವವರಲ್ಲಿ ಕಾಣುವ ಖಿನ್ನತೆ ಎಷ್ಟೋ ಸಲ ಕುಡಿತದಿಂದಲೇ ಹುಟ್ಟಿದ್ದು. ಕುಡಿತ ನಿಂತ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದ್ದರಿಂದ ಮನೋವೈದ್ಯರು ಖಿನ್ನತೆಯ ಮಾತ್ರೆ ಬರೆಯಲು ಆತುರಪಡುವುದಿಲ್ಲ. ಇದು ನಿಜ. ಆದರೆ ಇದು ಚಿಕಿತ್ಸೆಯ ಒಳಗೆ ಇದ್ದುಕೊಂಡು ವೈದ್ಯ ತಾಳ್ಮೆಯಿಂದ ಗಮನಿಸುವ ವಿಷಯ. ರೋಗಿಯನ್ನು ದಿನವೂ ನೋಡುತ್ತಾ, ನಿದ್ದೆ ಊಟ ವಿಚಾರಿಸುತ್ತಾ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುತ್ತಾ ಕಾಯುವುದು ಒಂದು. ಮನೆಗೆ ಕಳಿಸಿ, ಬಿಟ್ಟ ಮೇಲೆ ಬಾ ಎನ್ನುವುದು ಬೇರೆಯೇ. ಮೊದಲನೆಯದು ವೈದ್ಯಕೀಯ, ಎರಡನೆಯದು ಕೈತೊಳೆದುಕೊಳ್ಳುವುದು. ಕುಡಿತ ನಿಂತ ಮೊದಲ ವಾರಗಳಲ್ಲೇ ಮನಸ್ಸು ಅತ್ಯಂತ ಹಸಿಯಾಗಿರುತ್ತದೆ. ಅಲ್ಲದೆ ಬೇರು ಯಾವುದೆಂದು ತಿಳಿಯಲು ಕೇಳಬೇಕಾದ ಪ್ರಶ್ನೆಗಳು ಕಷ್ಟದವೂ ಅಲ್ಲ: ಕುಡಿತ ಶುರುವಾಗುವ ಮುಂಚೆ ಹೀಗೆ ಆಗಿತ್ತಾ? ನಡುವೆ ಬಿಟ್ಟಿದ್ದಾಗ ಮನಸ್ಸು ಹೇಗಿತ್ತು? ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ? ಕಾಲು ಗಂಟೆಯ ಮಾತು. ಆ ಕಾಲು ಗಂಟೆಯನ್ನು ಕುಡುಕನಿಗೆ ಕೊಡಲು ನಾವು ಸಿದ್ಧರಿಲ್ಲ.

‘ಮನಸ್ಸು ಮಾಡಿದರೆ ಬಿಡಬಹುದು’ ಎನ್ನುವವರು ಯಾವಾಗಲೂ ಕೊಡುವ ಸಾಕ್ಷಿ ಅಯ್ಯಪ್ಪನ ಮಾಲೆ. ವರ್ಷವಿಡೀ ಕುಡಿಯುವವನು ಮಾಲೆ ಹಾಕಿದ 41 ದಿನ ಹನಿ ಮುಟ್ಟುವುದಿಲ್ಲ. ಇರುಮುಡಿ ಹೊತ್ತು ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ವಾರದಲ್ಲೇ ಮತ್ತೆ ಬಾರಿನಲ್ಲಿ ಕೂತಿರುತ್ತಾನೆ. ‘ನೋಡಿ, ಅವನ ಕೈಯಲ್ಲಿ ಆಗುತ್ತೆ, ಬೇಕಂತಲೇ ಕುಡೀತಾನೆ’ ಎಂಬ ತೀರ್ಮಾನಕ್ಕೆ ಇದೇ ಆಧಾರ. ಮಾಲೆ ಹಾಕುವವರಲ್ಲಿ ಬೆಳಿಗ್ಗೆ ಎದ್ದೊಡನೆ ಕುಡಿಯದೆ ಇರಲಾರದಷ್ಟು ತೀವ್ರ ವ್ಯಸನಿಗಳು ಕಡಿಮೆ ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಆ 41 ದಿನಗಳಲ್ಲಿ ಅವನಿಗೆ ಏನೇನು ಸಿಗುತ್ತದೆ ಎಂದು ಯಾರಾದರೂ ನೋಡಿದ್ದಾರೆಯೇ? ನಸುಕಿನಲ್ಲಿ ಎದ್ದು ತಣ್ಣೀರು ಸ್ನಾನ. ಹೊತ್ತು ಹೊತ್ತಿಗೆ ಪೂಜೆ. ಸಂಜೆ ಕುಡಿತದ ಚಡಪಡಿಕೆ ಏಳುವ ಹೊತ್ತಿಗೆ ಸರಿಯಾಗಿ ಭಜನೆ, ಜೊತೆಗೆ ತನ್ನಂಥವರೇ ಹತ್ತು ಹನ್ನೆರಡು ಮಂದಿ. ಸನ್ನಿಧಾನದಲ್ಲಿ ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ, ನೆಲದ ಮೇಲೆ ಒಟ್ಟಿಗೆ ನಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ನಿನ್ನೆಯವರೆಗೆ ‘ಲೇ ಕುಡುಕ’ ಎಂದ ಬೀದಿ ಇವತ್ತು ‘ಸ್ವಾಮಿ’ ಎನ್ನುತ್ತದೆ. ಹೆಂಡತಿ, ಮಕ್ಕಳು, ಹೆತ್ತ ತಾಯಿ ಕೂಡ ‘ಸ್ವಾಮಿ’ ಎನ್ನುತ್ತಾರೆ.

ಕುಸಿದ ಮನಸ್ಸಿಗೆ ಆಧುನಿಕ ಚಿಕಿತ್ಸೆ ಕೊಡಬಯಸುವುದು ಇವನ್ನೇ: ದಿನಕ್ಕೊಂದು ಕ್ರಮ, ಕಾಡುವ ಹೊತ್ತಿಗೊಂದು ಕೆಲಸ, ಜೊತೆಗಾರರು, ಮಾನ. ಮಾಲೆಯ ಉದಾಹರಣೆ ಇಚ್ಛಾಶಕ್ತಿಯನ್ನು ಸಾಬೀತುಪಡಿಸುವುದಿಲ್ಲ. ಮನಸ್ಸಿಗೆ ಆಸರೆ ಸಿಕ್ಕರೆ ಕುಡಿತ ಸಡಿಲವಾಗುತ್ತದೆ, ಆಸರೆ ಕಿತ್ತುಕೊಂಡರೆ ಮತ್ತೆ ಹಿಡಿಯುತ್ತದೆ ಎಂಬುದನ್ನು ಸಾಬೀತುಪಡಿಸುತ್ತದೆ. ಮಾಲೆ ತೆಗೆದ ದಿನ ಅವನ ಸಂಕಲ್ಪ ಸತ್ತಿತು ಎಂದು ನಾವು ಬೈಯುತ್ತೇವೆ. ಆ ದಿನ ಅವನಿಂದ ಭಜನೆ ಹೋಯಿತು, ಗೆಳೆಯರು ಹೋದರು, ‘ಸ್ವಾಮಿ’ ಎನ್ನುವ ಕರೆ ಹೋಯಿತು. ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆಸರೆಯಿಲ್ಲದೆ ಮದ್ಯವನ್ನಷ್ಟೇ ಕಿತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ಇಡೀ ರಾಜ್ಯ ಒಮ್ಮೆ ಕಂಡಿದೆ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂತು. ಮೇ 4ರವರೆಗೆ ಕರ್ನಾಟಕದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ಲೆಕ್ಕ ಹಾಕಿ, 40 ದಿನ, ಹೆಚ್ಚುಕಡಿಮೆ ಒಂದು ಮಂಡಲ ವ್ರತದಷ್ಟೇ. ‘ಮೊದಲು ಬಿಡಲಿ’ ಎನ್ನುವವರ ಆಸೆ ಸರ್ಕಾರಿ ಆಜ್ಞೆಯಿಂದಲೇ ಈಡೇರಿತ್ತು. ನಡೆದದ್ದೇನು? ದಿನವೂ ಕುಡಿಯುತ್ತಿದ್ದವನು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳು ಹರಿದಂತೆ ಕಾಣುವುದು, ಇಲ್ಲದವರ ದನಿ ಕೇಳುವುದು, ಹಗಲು ರಾತ್ರಿಯ ಪರಿವೆ ತಪ್ಪುವುದು. ಮನೆಯವರು ದೆವ್ವ ಹಿಡಿಯಿತೆಂದು ಅಂತ್ರ ಕಟ್ಟಿಸುವುದು ಈ ಹಂತದಲ್ಲೇ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣ ತೆಗೆಯುತ್ತದೆ. ಆ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳ ದಾಖಲೆಗಳನ್ನು ಪರಿಶೀಲಿಸಿದ ವೈದ್ಯರು, ಇಂಥ ತೀವ್ರ ಪ್ರಕರಣಗಳು ದಿನಕ್ಕೆ ಸರಾಸರಿ 4 ಇದ್ದದ್ದು 8ಕ್ಕೆ ಏರಿದ್ದನ್ನು ವರದಿ ಮಾಡಿದರು. ಆಸ್ಪತ್ರೆಯ ದಾರಿ ಹಿಡಿಯಲು ಬಸ್ಸೇ ಇಲ್ಲದ ಊರುಗಳಲ್ಲಿ ಎಷ್ಟು ಮಂದಿ ಹೀಗೆ ನರಳಿದರೋ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಮೇ 4ರಂದು ಅಂಗಡಿ ತೆರೆದಾಗ ಮೊದಲ ದಿನ 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು, ಎರಡನೇ ದಿನ 197 ಕೋಟಿಯದ್ದು. ಟಿ.ವಿ.ಗಳು ಆ ಸಾಲುಗಳನ್ನು ತೋರಿಸಿ ನಕ್ಕವು. 40 ದಿನ ಬಿಟ್ಟವರು ಮತ್ತೆ ಯಾಕೆ ಸಾಲು ನಿಂತರು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನಮಗೆ ಸಿಕ್ಕಿರಲಿಲ್ಲ, ಸಿಗಲಿಕ್ಕೂ ಇಲ್ಲ. ಆ 40 ದಿನಗಳಲ್ಲಿ ಅವರ ಕೈಯಲ್ಲಿ ಬಾಟಲಿ ಇರಲಿಲ್ಲ, ಆದರೆ ಕೂಲಿಯೂ ಇರಲಿಲ್ಲ, ಜೊತೆಯೂ ಇರಲಿಲ್ಲ, ನಿದ್ದೆಯೂ ಇರಲಿಲ್ಲ. ಭಯವೊಂದು ಮಾತ್ರ ದುಪ್ಪಟ್ಟಾಗಿತ್ತು.

ಇಷ್ಟಾದರೂ ನಮ್ಮ ಉಪಾಯಗಳೆಲ್ಲ ಬಾಟಲಿಯನ್ನೇ ಗುರಿಯಿಟ್ಟವು. ದೇವಸ್ಥಾನಕ್ಕೆ ಕರೆದೊಯ್ದು ಆಣೆ ಮಾಡಿಸುತ್ತೇವೆ. ಆಣೆ ಮುರಿದವನಿಗೆ ಕುಡಿತದ ಜೊತೆಗೆ ದೇವರ ಶಾಪದ ಭಯವೂ ಸೇರುತ್ತದೆ. ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಯ ಜಾಹೀರಾತು ಗೋಡೆ ಗೋಡೆಯ ಮೇಲಿದೆ. ಅದರಲ್ಲಿ ಏನಿದೆಯೆಂದು ಕೊಳ್ಳುವ ಹೆಂಗಸಿಗೂ ಗೊತ್ತಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆ ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡವನಿಗೆ ಅದು ನೆರವಾಗಬಹುದು. ತಿಳಿಯದವನಿಗೆ ಸಾರಿನಲ್ಲಿ ಬೆರೆಸಿ ಕೊಟ್ಟರೆ ಅದು ವಿಷಪ್ರಾಶನ. ಚಿತ್ತವಿಕಲತೆ ಇರುವವನಿಗೆ ಅದು ಕಾಯಿಲೆಯನ್ನೇ ಕೆರಳಿಸಬಲ್ಲದು. ಮನಸ್ಸಿನ ಸ್ಥಿತಿ ನೋಡದೆ ಕುಡಿತವನ್ನಷ್ಟೇ ನೋಡಿದರೆ ಆಗುವ ಅನಾಹುತ ಇದು.

ಮದ್ಯವರ್ಜನ ಶಿಬಿರಗಳ ಬಗ್ಗೆ ನನಗೆ ಗೌರವವಿದೆ. ಎಂಟು ದಿನ ಊಟ, ಹಾಡು, ವ್ಯಾಯಾಮ, ಕೊನೆಗೆ ಮನೆಯವರನ್ನೆಲ್ಲ ಕರೆಸಿ ಕಣ್ಣೀರಿನ ಒಪ್ಪಂದ. ಆ ಎಂಟು ದಿನ ಆ ಮನುಷ್ಯನನ್ನು ಊರು ಒಳಗೆ ಸೇರಿಸಿಕೊಳ್ಳುತ್ತದೆ, ಅದು ಸಣ್ಣದಲ್ಲ. ಆದರೆ ಶಿಬಿರಾರ್ಥಿಗಳಲ್ಲಿ ಯಾರಿಗೆ ಖಿನ್ನತೆಯಿದೆ, ಯಾರಿಗೆ ಕಿವಿಯಲ್ಲಿ ದನಿ ಕೇಳುತ್ತಿದೆ, ಯಾರು ಚಿಕ್ಕಂದಿನಲ್ಲಿ ಹೇಳಿಕೊಳ್ಳಲಾಗದ ಪೆಟ್ಟು ತಿಂದಿದ್ದಾರೆ ಎಂದು ಬೇರ್ಪಡಿಸಿ ನೋಡುವ ಮನೋವೈದ್ಯ ಎಲ್ಲ ಶಿಬಿರಗಳಲ್ಲೂ ಇರಬೇಕು. ಒಂಬತ್ತನೇ ದಿನದಿಂದ ಅವರನ್ನು ನೋಡಿಕೊಳ್ಳಲು ತಾಲ್ಲೂಕಿನಲ್ಲಿ ಒಬ್ಬರಾದರೂ ಇರಬೇಕು.

ಗಾಂಜಾ ವಿಷಯದಲ್ಲೂ ನಮ್ಮ ತರ್ಕ ಇದೇ. ಮಗ ಒಬ್ಬನೇ ಗೊಣಗಲು ಶುರುಮಾಡಿದರೆ ಗಾಂಜಾ ಸೇದಿ ಕೆಟ್ಟ ಎನ್ನುತ್ತಾರೆ. ಗಾಂಜಾ ಚಿತ್ತವಿಕಲತೆಯ ಅಪಾಯ ಹೆಚ್ಚಿಸುತ್ತದೆ ಎಂಬುದಕ್ಕೆ 1987ರ ಸ್ವೀಡನ್ನಿನ ಸೈನಿಕರ ಅಧ್ಯಯನದಿಂದ ಇತ್ತೀಚಿನವರೆಗೂ ಪುರಾವೆ ಇದೆ. ಅಷ್ಟೇ ನಿಜವಾದ ಇನ್ನೊಂದು ಮಾತು, ಕಾಯಿಲೆ ಒಳಗೊಳಗೇ ಮೊಳೆಯುತ್ತಿರುವಾಗ ಆಗುವ ದಿಗಿಲನ್ನು ಅಡಗಿಸಲು ಸೇದುವ ಹುಡುಗರೂ ಇದ್ದಾರೆ. ಹೊಡೆದು ಕೋಣೆಯಲ್ಲಿ ಕೂಡಿಹಾಕಿದರೆ ಈ ಎರಡೂ ಬಗೆಯ ಹುಡುಗರಿಗೆ ಚಿಕಿತ್ಸೆಯ ಅಮೂಲ್ಯ ತಿಂಗಳುಗಳು ಕಳೆದುಹೋಗುತ್ತವೆ.

ಸರ್ಕಾರವೂ ಮನೋರೋಗ, ವ್ಯಸನ ಎರಡನ್ನೂ ಒಂದಾಗಿ ನೋಡುವುದಿಲ್ಲ. ಮಾನಸಿಕ ಆರೋಗ್ಯ ಒಂದು ಸಚಿವಾಲಯದ್ದು, ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಇನ್ನೊಂದರದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗ ಎಂದರೇನು ಎಂದು ಹೇಳುವಾಗ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಅದರಲ್ಲಿ ಸೇರಿಸಿದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮನೋರೋಗಕ್ಕೂ ವಿಮೆ ಕೊಡಬೇಕೆಂದು ಇದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಕಂಪನಿಗಳಿಗೆ ರೂಪಿಸಿಕೊಟ್ಟ ವಿನಾಯಿತಿಗಳ ಪಟ್ಟಿಯಲ್ಲಿ ಮದ್ಯ, ಮಾದಕ ವಸ್ತುಗಳ ವ್ಯಸನ ಮತ್ತು ಅದರ ಪರಿಣಾಮಗಳ ಚಿಕಿತ್ಸೆಯೂ ಒಂದು. ಸಂಸತ್ತು ಕಾಯಿಲೆ ಎಂದದ್ದನ್ನು ಪಾಲಿಸಿಯ ಕಾಗದ ನಡತೆಗೇಡು ಎನ್ನುತ್ತದೆ. ಹಾಸಿಗೆಯ ಖರ್ಚು ಕಟ್ಟುವಾಗ ನಡೆಯುವುದು ಕಾಗದದ ಮಾತೇ.

ಸತ್ತ ಮೇಲೂ ಈ ಬೇರ್ಪಡಿಕೆ ಬಿಡುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಕಾರಣಗಳ ಕೋಷ್ಟಕದಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4, ಮಾದಕ ವಸ್ತು ಮತ್ತು ಮದ್ಯವ್ಯಸನ ಶೇ 6.8. ಒಬ್ಬನೇ ಮನುಷ್ಯ ಖಿನ್ನನಾಗಿ, ಕುಡಿದು, ಹೆಂಡತಿಯೊಂದಿಗೆ ಜಗಳವಾಡಿ, ಸಾಲದ ನೋಟಿಸು ಕೈಯಲ್ಲಿ ಹಿಡಿದು ಸತ್ತಿರುತ್ತಾನೆ. ಪೊಲೀಸ್ ಠಾಣೆ ಅವನನ್ನು ಒಂದು ಅಂಕಣದಲ್ಲಿ ಮಾತ್ರ ಬರೆಯುತ್ತದೆ. ಯಾವ ಅಂಕಣ ಎಂಬುದರ ಹಿಂದೆ ರಾಜಕಾರಣವೂ ಇರುತ್ತದೆ. ರೈತರ ಆತ್ಮಹತ್ಯೆಗಳ ಬಗ್ಗೆ ಜಿ.ಕೆ. ವೀರೇಶ್ ನೇತೃತ್ವದಲ್ಲಿ ಕರ್ನಾಟಕ ಸರ್ಕಾರ ನೇಮಿಸಿದ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಕುಡಿತ, ಮನೆಯ ಕಲಹದಂಥ ಕಾರಣಗಳಿಗೆ ಒತ್ತು ಕೊಟ್ಟು ಸಾಲವನ್ನು ಹಗುರ ಮಾಡಿತೆಂಬ ಕಟು ಟೀಕೆ ಬಂತು. ‘ಕುಡಿದು ಸತ್ತ’ ಎಂದರೆ ಯಾರೂ ಉತ್ತರ ಕೊಡಬೇಕಿಲ್ಲ, ಬ್ಯಾಂಕೂ ಇಲ್ಲ, ಬೆಲೆ ನಿಗದಿ ಮಾಡದ ಸರ್ಕಾರವೂ ಇಲ್ಲ. ಬೆಳೆ ಒಣಗಿದ ಮೇಲೆ ಅವನು ಯಾಕೆ ಕುಡಿದ ಎಂದು ಕೇಳಿದರೆ ಮಾತ್ರ ಉತ್ತರ ಕೊಡಬೇಕಾದವರು ಹಲವರು ಎದ್ದು ನಿಲ್ಲಬೇಕಾಗುತ್ತದೆ.

ಈ ಮಾತೆಲ್ಲ ಕೇಳಿದ ಮೇಲೆ ಒಬ್ಬ ಹೆಣ್ಣುಮಗಳು ಎದ್ದು ನನ್ನನ್ನು ಕೇಳಬಹುದು: ‘ಅವನು ದಿನಾ ಹೊಡೀತಾನೆ. ಅವನ ಮನಸ್ಸಿಗೆ ನೋವು ಅಂತೀರಲ್ಲ, ನನ್ನ ಮೈಮೇಲಿನ ಬಾಸುಂಡೆಗೆ ಏನು ಹೇಳ್ತೀರಿ?’ ಇದಕ್ಕೆ ಉತ್ತರ ಕೊಡದೆ ಈ ವಿಷಯ ಮಾತನಾಡುವ ಹಕ್ಕು ಯಾರಿಗೂ ಇಲ್ಲ. ಹೊಡೆತಕ್ಕೆ ಖಿನ್ನತೆ ಕ್ಷಮಾಪಣೆಯಲ್ಲ. ಖಿನ್ನತೆಯಿರುವ ಬಹಳಷ್ಟು ಗಂಡಸರು ಯಾರ ಮೇಲೂ ಕೈ ಎತ್ತುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅವನಿಗೆ ಪೂರ್ತಿಯಾಗಿ ಅನ್ವಯವಾಗಲಿ, ಅವಳಿಗೆ ರಕ್ಷಣೆ ಮೊದಲು ಸಿಗಲಿ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಸಿಟ್ಟಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕೂ ಮುಂಚೆ, 2007ರ ಜುಲೈ 1ರಿಂದಲೇ ರಾಜ್ಯದಲ್ಲಿ ಸಾರಾಯಿ ನಿಂತಿತ್ತು. ಆದರೆ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಹೋಗಿ ಬಾಟಲಿ ಬಂತು, ಅಬಕಾರಿ ಆದಾಯ ಏರುತ್ತಲೇ ಹೋಗಿ 2025-26ರ ಬಜೆಟ್ಟಿನ ಗುರಿ 40,000 ಕೋಟಿ ರೂಪಾಯಿ ಮುಟ್ಟಿತು. ಆ ಹೆಂಗಸರು ಕೇಳಿದ ನಿಷೇಧ ಸಿಗಲಿಲ್ಲ. ಅವರ ಗಂಡಂದಿರಿಗೆ ಚಿಕಿತ್ಸೆಯೂ ಸಿಗಲಿಲ್ಲ. ವರ್ಷಗಟ್ಟಲೆ ಹೆದರಿ ಬದುಕಿ ಅವರಿಗೇ ಹತ್ತಿದ ಖಿನ್ನತೆಯನ್ನಂತೂ ಯಾರೂ ಕೇಳಲಿಲ್ಲ. ‘ಮೊದಲು ಅವನು ಬಿಡಲಿ’ ಎಂಬ ಷರತ್ತು ಅವಳ ಚಿಕಿತ್ಸೆಯನ್ನೂ ಮುಂದೂಡುತ್ತಿದೆ.

ಎರಡನ್ನೂ ಒಟ್ಟಿಗೆ ನೋಡಿಕೊಳ್ಳುವುದು ಬಡ ದೇಶಕ್ಕೆ ಆಗದ ಮಾತು ಎನ್ನುವವರಿಗೆ ಪಕ್ಕದ ಗೋವಾದಲ್ಲೇ ಉತ್ತರವಿದೆ. ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮನೋವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರಿಂದ ಆಪ್ತಸಲಹೆ ಕೊಡಿಸಿದರು. ಒಂದೇ ಕಾರ್ಯಕ್ರಮದಲ್ಲಿ ಖಿನ್ನತೆಗೂ ಸಲಹೆ, ಅತಿ ಕುಡಿತಕ್ಕೂ ಸಲಹೆ. ಹಾನಿಯಾಗುವಷ್ಟು ಕುಡಿಯುತ್ತಿದ್ದ, ಆದರೆ ಇನ್ನೂ ತೀವ್ರ ವ್ಯಸನಕ್ಕೆ ಬೀಳದ ಗಂಡಸರಲ್ಲಿ ಮೂರು ತಿಂಗಳಿಗೆ ಶೇ 36 ಮಂದಿ ಅಪಾಯದ ಮಟ್ಟದಿಂದ ಹೊರಬಂದರು. ಮಾಮೂಲಿ ಆರೈಕೆ ಪಡೆದವರಲ್ಲಿ ಅದು ಶೇ 26. ತೀವ್ರ ಖಿನ್ನತೆಯಿದ್ದವರಲ್ಲಿ ಚೇತರಿಸಿಕೊಂಡವರು ಶೇ 64, ಮಾಮೂಲಿ ಆರೈಕೆಯಲ್ಲಿ ಶೇ 39. ನಾಲ್ಕಾರು ಭೇಟಿಗಳ ಮಾತುಕತೆಯಿಂದ ಆದ ಕೆಲಸ ಇದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಮಾದರಿಯಾಗಿ ಹುಟ್ಟಿದ್ದೇ 1980ರ ದಶಕದ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ ಪ್ರಯತ್ನದಿಂದ. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ತಿಳಿವಳಿಕೆಗೆ, ಅನುಭವಕ್ಕೆ ನಮ್ಮಲ್ಲಿ ಕೊರತೆಯಿಲ್ಲ.

ಅಬಕಾರಿಯ 40,000 ಕೋಟಿಯಲ್ಲಿ ಒಂದು ನಿಶ್ಚಿತ ಪಾಲನ್ನು ಈ ಕೆಲಸಕ್ಕೆಂದೇ ಕಾನೂನಿನ ಮೂಲಕ ತೆಗೆದಿಡಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಂದೇ ಕೊಠಡಿ, ಒಂದೇ ಚೀಟಿ, ಒಬ್ಬರೇ ಆಪ್ತಸಲಹೆಗಾರರು ಕುಡಿತವನ್ನೂ ಮನಸ್ಸನ್ನೂ ವಿಚಾರಿಸಬೇಕು, ಗಂಡನ ಜೊತೆ ಬಂದ ಹೆಂಡತಿಗೂ ಒಂದು ಚೀಟಿ ಬರೆಯಬೇಕು. ಥಯಮಿನ್ ಚುಚ್ಚುಮದ್ದು ಮತ್ತು ನಡುಕ ತಡೆಯುವ ಮಾತ್ರೆ ಅಲ್ಲಿ ಸದಾ ದಾಸ್ತಾನಿರಬೇಕು. ಬಾಯಿಂದ ವಾಸನೆ ಬರುತ್ತಿದೆ ಎಂಬ ಕಾರಣಕ್ಕೆ ಯಾರನ್ನೂ ಆ ಕೊಠಡಿಯಿಂದ ವಾಪಸ್ ಕಳಿಸಬಾರದು ಎಂದು ಆರೋಗ್ಯ ಇಲಾಖೆ ಲಿಖಿತ ಆದೇಶ ಹೊರಡಿಸಬೇಕು.